ಗವಾನ್ ಪತ್ರ ಬರೆದದ್ದು ಬೀದರಿನಿಂದಲೇ

ರಾಜತಾಂತ್ರಿಕತೆಯನ್ನು, ಅಂದರೆ ದೇಶ ದೇಶಗಳ ನಡುವಿನ ವ್ಯವಹಾರವನ್ನು, ಓದಬೇಕಾದರೆ ದೆಹಲಿಗೇ ಹೋಗಬೇಕು, ಬೀದರ್, ಯಾದಗಿರಿಯ ಮಕ್ಕಳಿಗೆ ಅದು ದೂರದ ಮಾತು ಎಂದು ನಾನು ಓದಿದ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ (ಜೆಎನ್‌ಯು) ಈ ವಿಷಯಕ್ಕೆಂದೇ ದೊಡ್ಡ ಅಧ್ಯಯನ ವಿಭಾಗವಿದೆ, ಒಪ್ಪುತ್ತೇನೆ. ಮಿಕ್ಕದ್ದನ್ನು ಒಪ್ಪಲಾರೆ.

ನಮ್ಮೂರು ಬೀದರಿನ ಮದರಸಾವನ್ನು 1472ರಲ್ಲಿ ಕಟ್ಟಿಸಿದ ಮಹಮೂದ್ ಗವಾನ್ ಇರಾನಿನ ಗೀಲಾನ್ ಕಡೆಯವನು. ವ್ಯಾಪಾರಿಯಾಗಿ ಬಂದು ಬೀದರ್ ರಾಜಧಾನಿಯಾಗಿದ್ದ ಬಹಮನಿ ರಾಜ್ಯದ ಪ್ರಧಾನಿಯಾದ. ತುರ್ಕಿಯ ಆಟೊಮನ್ ಸುಲ್ತಾನ ಎರಡನೆಯ ಮೆಹಮದ್‌ನೊಂದಿಗೂ ಪತ್ರ ವ್ಯವಹಾರ ನಡೆಸಿದ. ರಾಜತಾಂತ್ರಿಕತೆಯೆಂದರೆ ಇದೇ ಅಲ್ಲವೇ? ಆ ಪತ್ರಗಳು ಇಂದಿಗೂ ಉಳಿದಿವೆ. ಆದರೆ ನಾನು ಬೀದರಿನಲ್ಲೇ ಓದಿದ ರಾಜ್ಯಶಾಸ್ತ್ರದ ತರಗತಿಯಲ್ಲಿ ಅವುಗಳ ಸುದ್ದಿಯೇ ಬರಲಿಲ್ಲ. ಶೀತಲ ಸಮರವನ್ನು ಮಾತ್ರ ಬಾಯಿಪಾಠ ಮಾಡಿಸಿದರು.

ವಿದೇಶಾಂಗ ಸೇವೆಗೆ ಇದೇ ವಿಷಯದ ಪದವಿ ಬೇಕೆಂಬ ಭಾವನೆಯೂ ಲೇಖನದಿಂದ ಹುಟ್ಟುತ್ತದೆ. ಬೇಕಿಲ್ಲ. ಯಾವುದೇ ಪದವಿ ಸಾಕು, ದಾರಿ ಕೇಂದ್ರ ಲೋಕಸೇವಾ ಆಯೋಗದ (ಯುಪಿಎಸ್‌ಸಿ) ನಾಗರಿಕ ಸೇವಾ ಪರೀಕ್ಷೆ. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಆಯ್ಕೆಯಾದವರು ವಿದೇಶಿ ಭಾಷೆಯೊಂದನ್ನು ಕಲಿಯಲೇಬೇಕು. ಉರ್ದು, ಮರಾಠಿ, ತೆಲುಗು ಕೇಳುತ್ತಲೇ ಬೆಳೆದ ನಮ್ಮ ಮಕ್ಕಳಿಗೆ ಅದೇನು ಭಾರವೇ?

ನಮ್ಮ ಭಾಗಕ್ಕೆ ವಿಶೇಷ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿ ರಾಜ್ಯದ ಹುದ್ದೆ, ಸೀಟುಗಳಿಗೆ ನೆರವಾಗುತ್ತದೆಯೇ ಹೊರತು ಯುಪಿಎಸ್‌ಸಿಗೆ ಅಲ್ಲ. ಆದರೆ ನಿಜವಾದ ತೊಡಕು ಪುಸ್ತಕಗಳದ್ದು. ರಾಯಭಾರಿಗಳಿಗೆ ರಕ್ಷಣೆ ಕೊಡುವ 1961ರ ವಿಯೆನ್ನಾ ಒಪ್ಪಂದವನ್ನು ಬಿಡಿಸಿ ಹೇಳುವ ಒಳ್ಳೆಯ ಕನ್ನಡ ಪುಸ್ತಕ ನನ್ನ ಕೈಗೆ ಇನ್ನೂ ಸಿಕ್ಕಿಲ್ಲ. ಲೇಖಕರಿಗೆ ಗೊತ್ತಿದ್ದರೆ ದಯವಿಟ್ಟು ಹೆಸರು ತಿಳಿಸಲಿ, ನನ್ನ ತಂಗಿಯ ಮಗಳು ಈ ವರ್ಷ ಓದು ಶುರು ಮಾಡಿದ್ದಾಳೆ.