ನೀನು ಯಾವ ಕಸ?

ಬೆಂಗಳೂರಿನಿಂದ ಶಾಂಘೈಗೆ ಕೆಲಸಕ್ಕೆ ಹೊರಟವರು ವೀಸಾ, ಪ್ಲಗ್ ಅಡಾಪ್ಟರ್, ಸಾರಿನ ಪುಡಿ ಎಲ್ಲವನ್ನೂ ಎರಡೆರಡು ಸಲ ನೋಡಿ ಕಟ್ಟಿಕೊಳ್ಳುತ್ತಾರೆ. ಕಸದ ವಿಷಯದಲ್ಲಿ ಮಾತ್ರ ಅವರಿಗೆ ಎಲ್ಲಿಲ್ಲದ ಧೈರ್ಯ. ಹಸಿ ಕಸ, ಒಣ ಕಸ, ಇದೇನು ನಮಗೆ ಹೊಸದೇ? ಬೆಳಗಾದರೆ ಆಟೋ ಟಿಪ್ಪರ್ ಹಾಡು ಹಾಕಿಕೊಂಡು ಮನೆ ಮುಂದೆ ಬಂದು ನಿಲ್ಲುತ್ತಿರಲಿಲ್ಲವೇ?

ಕೆಡುವುದು ಇಲ್ಲೇ. ಶಾಂಘೈನಲ್ಲೂ ಹೆಸರು ಅವೇ. ‘ಷೀ ಲಾಜಿ’ ಅಂದರೆ ಹಸಿ ಕಸ, ‘ಗಾನ್ ಲಾಜಿ’ ಅಂದರೆ ಒಣ ಕಸ. ಆದರೆ ನಮ್ಮ ಒಣ ಕಸ ಎಂದರೆ ಪೇಪರು, ಬಾಟಲಿ, ರಟ್ಟು, ಗುಜರಿಗೆ ಹೋಗಿ ಮರುಜನ್ಮ ಪಡೆಯುವ ಪುಣ್ಯವಂತ ಮಾಲು. ಅಲ್ಲಿನ ಒಣ ಕಸ ಎಂದರೆ ಬೇರೆ ಯಾವ ಡಬ್ಬಿಯೂ ಒಲ್ಲೆ ಎಂದದ್ದು, ನೇರ ಸುಡುಗಾಡಿಗೆ ಹೋಗುವಂಥದ್ದು. ಅದಕ್ಕೆ ಕಪ್ಪು ಡಬ್ಬಿ. ಹಸಿಗೆ ಕಂದು, ಮರುಬಳಕೆಯದಕ್ಕೆ ನೀಲಿ, ಅಪಾಯಕಾರಿಗೆ ಕೆಂಪು. ಬೆಂಗಳೂರಿನಲ್ಲಿ ಪಳಗಿದ ಕೈ ಅಲ್ಲಿನ ಒಣ ಕಸವನ್ನೂ ತಾನಾಗಿಯೇ ನೀಲಿಗೆ ಸುರಿಯುತ್ತದೆ, ಡೈಪರನ್ನು ಕೆಂಪಿಗೆ ಹಾಕುತ್ತದೆ, ಆಮೇಲೆ ಹಸಿರು ಡಬ್ಬಿ ಎಲ್ಲಿ ಎಂದು ಹುಡುಕುತ್ತದೆ. ಮೂರಕ್ಕೆ ಮೂರೂ ತಪ್ಪು.

ಒಣ ಎನ್ನುವುದಕ್ಕೂ ಒಣಗಿರುವುದಕ್ಕೂ ಸಂಬಂಧವಿದೆ ಎಂಬ ಭ್ರಮೆಯನ್ನೂ ವಿಮಾನ ನಿಲ್ದಾಣದಲ್ಲೇ ಬಿಟ್ಟು ಬರುವುದು ಕ್ಷೇಮ. ಒದ್ದೆ ಟಿಶ್ಯೂ ಒಣ ಕಸ. ಮಗುವಿನ ತುಂಬಿದ ಡೈಪರ್ ಒಣ ಕಸ. ಗರಿಗರಿಯಾದ ಸೂರ್ಯಕಾಂತಿ ಬೀಜದ ಸಿಪ್ಪೆ ಹಸಿ ಕಸ. ಕೋಳಿಯ ಮೂಳೆ ಹಸಿ, ಹಂದಿಯ ತೊಡೆಮೂಳೆ ಒಣ. ಸೀಗಡಿ ಸಿಪ್ಪೆ ಹಸಿ, ಕಪ್ಪೆಚಿಪ್ಪು ಒಣ. ಸಾಮಾನ್ಯ ಪೆನ್ಸಿಲ್ ಸೆಲ್ ಒಣ, ಕೈಗಡಿಯಾರದ ಗುಂಡಿ ಸೆಲ್ ಅಪಾಯಕಾರಿ. ಇದರಲ್ಲಿ ತರ್ಕ ಇಲ್ಲವೆಂದಲ್ಲ. ಹಸಿ ಕಸವನ್ನು ಯಂತ್ರ ಅರೆದು, ಕೊಳೆಸಿ, ಗ್ಯಾಸ್ ತೆಗೆಯುತ್ತದೆ. ಗಟ್ಟಿ ಮೂಳೆಗೆ ಯಂತ್ರದ ಹಲ್ಲು ಮುರಿಯುತ್ತದೆ, ನಾರು ಅದಕ್ಕೆ ಸುತ್ತಿಕೊಳ್ಳುತ್ತದೆ. ಆದ್ದರಿಂದಲೇ ಅಂಟಕ್ಕಿಯ ಕಡುಬು ಸುತ್ತಿದ ಎಲೆ, ಎಲೆಯಾಗಿದ್ದೂ, ಒಣ ಕಸ. ಯಂತ್ರದ ಹಲ್ಲಿಗೆ ಹಿಡಿಸುವುದು ಹಸಿ, ಹಿಡಿಸದ್ದು ಒಣ ಎಂದು ಸರ್ಕಾರ ಒಂದೇ ಸಾಲಿನಲ್ಲಿ ಹೇಳಿ ಮುಗಿಸಬಹುದಿತ್ತು. ಹೇಳಲಿಲ್ಲ.

ಜನ ತಮ್ಮದೇ ಸೂತ್ರ ಮಾಡಿಕೊಂಡರು. ಹಂದಿ ತಿನ್ನುವುದು ಹಸಿ ಕಸ. ಹಂದಿಯೂ ಮೂಸದ್ದು ಒಣ ಕಸ. ತಿಂದರೆ ಹಂದಿ ಸಾಯುವುದು ಅಪಾಯಕಾರಿ. ಮಾರಿದರೆ ಹಂದಿ ಕೊಳ್ಳುವಷ್ಟು ದುಡ್ಡು ಬರುವುದು ಮರುಬಳಕೆಯದು. ಎರಡು ಕೋಟಿಗೂ ಮೀರಿ ಜನರಿರುವ, ಒಂದು ಬಾಳೆಹಣ್ಣಿಗೂ ಫೋನ್ ಸ್ಕ್ಯಾನ್ ಮಾಡಿ ಕಾಸು ಕೊಡುವ ನಗರ ಕೊನೆಗೆ ನೆಚ್ಚಿಕೊಂಡದ್ದು ಒಂದು ಹಂದಿಯ ವಿವೇಚನೆಯನ್ನು. ಅಗಿದು ಬಿಟ್ಟ ನುಗ್ಗೇಕಾಯಿಯ ಮುಂದೆ ಆ ಹಂದಿ ಏನು ತೀರ್ಮಾನ ಕೊಡುತ್ತದೆಯೋ, ಬೇಳೆ ಹುಳಿ ಮಾಡುವ ಮನೆಯವರೇ ನೋಡಿಕೊಳ್ಳಬೇಕು.

ಈ ಕಾಯಿದೆಯ ಜಾತಕವೂ ಸ್ವಾರಸ್ಯಕರ. ಕಸ ಬೇರ್ಪಡಿಸುವ ಪ್ರಯೋಗಕ್ಕೆಂದು 2000ರಲ್ಲಿ ಆರಿಸಿದ ಎಂಟು ನಗರಗಳಲ್ಲಿ ಶಾಂಘೈ ಕೂಡ ಒಂದು. ಪ್ರಯೋಗ ಬಹಳ ಶಾಂತವಾಗಿ, ಯಾರಿಗೂ ತೊಂದರೆಯಾಗದಂತೆ ನಡೆಯಿತು. 2018ರ ನವೆಂಬರ್‌ನಲ್ಲಿ ಅಧ್ಯಕ್ಷ ಷಿ ಜಿನ್‌ಪಿಂಗ್ ಶಾಂಘೈನ ಹೋಂಗ್‌ಕೌ ಬಡಾವಣೆಗೆ ಬಂದವರು ಕಸ ವಿಂಗಡಿಸುವುದೇ ಹೊಸ ಫ್ಯಾಷನ್ ಎಂದರು. 2019ರ ಜನವರಿ 31ಕ್ಕೆ ನಿಯಮ ಪಾಸಾಯಿತು, ಜುಲೈ 1ಕ್ಕೆ ಜಾರಿ. ಹದಿನೆಂಟು ವರ್ಷ ಮಲಗಿದ್ದ ಕೆಲಸ ಎಂಟು ತಿಂಗಳಲ್ಲಿ ಎದ್ದು ಓಡಿತು. ಬೆರಕೆ ಮಾಡಿ, ತಿದ್ದಿಕೋ ಎಂದರೂ ತಿದ್ದಿಕೊಳ್ಳದವರಿಗೆ 50ರಿಂದ 200 ಯುವಾನ್ ದಂಡ. ಫ್ಯಾಷನ್ ಎಂದಮೇಲೆ ದುಡ್ಡು ಖರ್ಚಾಗಲೇಬೇಕು.

ದಂಡಕ್ಕಿಂತ ಜನ ಹೆದರುವುದು ಡಬ್ಬಿಯ ಪಕ್ಕ ನಿಂತ ಹೆಂಗಸಿಗೆ. ತೋಳಿಗೆ ಪಟ್ಟಿ, ಕೈಯಲ್ಲಿ ಇಕ್ಕಳ, ನಿವೃತ್ತಿಯ ನಂತರ ಸಿಕ್ಕ ಅಧಿಕಾರ. ಇವರನ್ನು ಕರೆಯುವುದು ‘ಆಯಿ’ ಎಂದು. ಧಾರವಾಡದ ಕಡೆಯವರಿಗೆ ಕರುಳು ಚುರ್ ಎಂದೀತು; ಚೀನೀ ಭಾಷೆಯಲ್ಲಿ ಅದು ತಾಯಿಯ ಅಕ್ಕತಂಗಿಯರಿಗೆ ಹೇಳುವ ಮಾತು, ಊರ ಹೆಂಗಸರಿಗೆಲ್ಲ ಸಲ್ಲುತ್ತದೆ. ಆಯಿಯ ಪ್ರಶ್ನೆ ಒಂದೇ: “ನೀನು ಯಾವ ಕಸ?” ಬೈಗುಳವಲ್ಲ. ಹೋಟೆಲ್ ಮಾಣಿ ಬಂದು “ಮಸಾಲೆ ದೋಸೆ ಯಾರು?” ಎಂದಾಗ ನಾವು ಕೈ ಎತ್ತುವುದಿಲ್ಲವೇ, ಹಾಗೆ. ಶಾಂಘೈ ಆಡುಮಾತಿನ ‘ನೊಂಗ್’ನಲ್ಲಿ ನೀನು, ನೀವು ಎಂಬ ಭೇದವಿಲ್ಲದ್ದರಿಂದ ಕಂಪನಿಯ ಉಪಾಧ್ಯಕ್ಷರಿಗೂ ಇದೇ ಪ್ರಶ್ನೆ. “ನಾನು ಒಣ ಕಸ” ಎಂದು ತಲೆ ತಗ್ಗಿಸಿ ಉತ್ತರ ಕೊಟ್ಟು ಮುಂದೆ ಹೋಗಬೇಕು.

ಇನ್ನು ಹಸಿ ಕಸ ಎಸೆಯುವ ಕ್ರಮ. ಚೀಲವನ್ನು ಗಂಟು ಕಟ್ಟಿ ಒಗೆಯುವಂತಿಲ್ಲ, ಪ್ಲಾಸ್ಟಿಕ್ ಹಸಿಯಲ್ಲವಲ್ಲ. ಕಂದು ಡಬ್ಬಿಯ ಮೇಲೆ ಚೀಲದ ತಳ ಹಿಡಿದು, ಬಾಯಿ ಕೆಳಗೆ ಮಾಡಿ, ಕೊಡವಬೇಕು. ನಿನ್ನೆಯ ಅನ್ನ, ಮೀನಿನ ತಲೆ, ಕಲ್ಲಂಗಡಿ ಸಿಪ್ಪೆ ಬೀಳುತ್ತವೆ. ಟೊಮೆಟೊ ಸಿಪ್ಪೆಯೊಂದು ಬೀಳುವುದಿಲ್ಲ, ಇನ್ನೊಮ್ಮೆ ಕೊಡವಬೇಕು. ನೀರು ಮೊದಲೇ ಸೋಸಿಕೊಂಡು ಬರದಿದ್ದರೆ ಈ ಎರಡನೇ ಕೊಡವಿಗೆ ಅದು ಮುಂಗೈಯಿಂದ ಇಳಿದು ಅಂಗಿಯ ತೋಳಿನೊಳಗೆ ಹೋಗುತ್ತದೆ. ಆಮೇಲೆ ಸಾರು ತೊಟ್ಟಿಕ್ಕುತ್ತಿರುವ ಆ ಖಾಲಿ ಚೀಲವನ್ನು ಕಪ್ಪು ಡಬ್ಬಿಗೆ ಹಾಕಬೇಕು. ಅದು ಒಣ ಕಸ. ಪಕ್ಕದಲ್ಲಿ ಕೈ ತೊಳೆಯುವ ನಲ್ಲಿ ಇದ್ದರೆ ನಿಮ್ಮ ಅಪಾರ್ಟ್‌ಮೆಂಟಿನವರು ದೇವರಂಥವರು.

ಅರ್ಧ ಕುಡಿದ ಬಬಲ್ ಟೀಗೆ ನಾಲ್ಕು ಸಂಸ್ಕಾರ. ಉಳಿದ ಚಹಾ ಚರಂಡಿಗೆ, ತಳದ ಸಾಬೂದಾನಿ ಗುಂಡುಗಳು ಹಸಿಗೆ, ಲೋಟ ಒಣಕ್ಕೆ, ಗಟ್ಟಿ ಪ್ಲಾಸ್ಟಿಕ್ ಮುಚ್ಚಳವಿದ್ದರೆ ಅದು ಮರುಬಳಕೆಗೆ. ಶ್ರಾದ್ಧದಲ್ಲೂ ಪಿಂಡ ಮೂರೇ.

ಊಟ ತರಿಸಿಕೊಳ್ಳುವವರಿಗೆ ಬೇರೆ ಅಧ್ಯಾಯ. ಅದೇ ಜುಲೈ 1ರಿಂದ, ಗಿರಾಕಿ ಕೇಳದೆ ಹೋಟೆಲಿನವರು ಬಿಸಾಡುವ ಚಾಪ್‌ಸ್ಟಿಕ್, ಚಮಚ ಕಳಿಸುವಂತಿಲ್ಲ. ಹಾಗಾಗಿ ಅನ್ನಕ್ಕೊಂದು, ಸೂಪಿಗೊಂದು, ಪಲ್ಯಕ್ಕೊಂದು, ಚಟ್ನಿಗೊಂದು ಪ್ಲಾಸ್ಟಿಕ್ ಡಬ್ಬಿ, ಎಲ್ಲ ಸೇರಿಸಿ ಒಂದು ಚೀಲ ಬರುತ್ತದೆ. ಪರಿಸರ ಕಾಪಾಡುವ ಸಲುವಾಗಿ ಎರಡು ಬಿದಿರು ಕಡ್ಡಿ ಮಾತ್ರ ಬರುವುದಿಲ್ಲ. ಡಬ್ಬಿಗೆ ಎಣ್ಣೆ ಮೆತ್ತಿದ್ದರೆ ಒಣ ಕಸ, ತೊಳೆದರೆ ಮರುಬಳಕೆಯದು. ಲಾಡ್ಜುಗಳಲ್ಲಿ ಟೂತ್‌ಬ್ರಷ್, ಬಾಚಣಿಗೆ, ಮೈ ಉಜ್ಜುವ ಬ್ರಷ್, ರೇಜರ್, ಉಗುರು ಉಜ್ಜುವ ಅರ, ಶೂ ಒರೆಸುವ ಬಟ್ಟೆ, ಈ ಆರನ್ನೂ ಕೇಳದೆ ಕೊಡುವಂತಿಲ್ಲ. ಕೇಳಿದರೆ ತಕರಾರಿಲ್ಲ. ಹಲವು ಕಡೆ ಸೊಂಟದೆತ್ತರದ ರೋಬೋ ತಾನೇ ಲಿಫ್ಟ್ ಹತ್ತಿ, ಬಾಗಿಲಿಗೆ ಬಂದು, ಹೊಟ್ಟೆ ತೆರೆದು ಬ್ರಷ್ ಕೊಟ್ಟು ಹೋಗುತ್ತದೆ. ಒಂದು ಬ್ರಷ್ ಉಳಿಸುವ ಏರ್ಪಾಡು ಇದು.

ಎಲ್ಲವನ್ನೂ ಕಲಿತರೂ ಸೋಲುವುದು ಗಡಿಯಾರದ ಎದುರು. ಮಹಡಿಗೊಂದರಂತೆ ಇದ್ದ ಡಬ್ಬಿಗಳನ್ನು ತೆಗೆದು ಕೆಳಗೆ ಒಂದೆಡೆ ಸೇರಿಸಿದ್ದಾರೆ. ಬಹಳ ಕಡೆ ಅದರ ಬಾಗಿಲು ತೆರೆಯುವುದು ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ. ಇದೇ ನಗರದ ಹಲವು ಸಾಫ್ಟ್‌ವೇರ್ ಕಂಪನಿಗಳ ಕೆಲಸದ ಲೆಕ್ಕ 996, ಬೆಳಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತು, ವಾರಕ್ಕೆ ಆರು ದಿನ. ಮನೆ ತಲುಪುವಾಗ ಕಸಕ್ಕೆ ಬೀಗ. ಹೀಗೆ ದುಡ್ಡು ಕೊಟ್ಟರೆ ಕಸ ಒಯ್ದು ಎಸೆಯುವ ಉದ್ಯೋಗವೇ 2019ರಲ್ಲಿ ಹುಟ್ಟಿಕೊಂಡಿತು. ರಾತ್ರಿ ಕದ್ದು ಮೂಲೆಯಲ್ಲಿಟ್ಟು ಬರುವ ಯೋಚನೆ ಬೇಡ. ಚೀಲದೊಳಗಿನ ಕೊರಿಯರ್ ರಟ್ಟಿನ ಮೇಲೆ ನಿಮ್ಮ ಮನೆ ನಂಬರ್ ಇರುತ್ತದೆ, ಆಯಿಗೆ ಕನ್ನಡಕವೂ ಇರುತ್ತದೆ.

ಜುಲೈ, ಆಗಸ್ಟ್‌ನ ಸೆಕೆಯಲ್ಲಿ ಮೀನಿನ ತಲೆ ಬೆಳಗಿನವರೆಗೆ ಕಾಯುವುದಿಲ್ಲ. ಫ್ರೀಜರ್‌ನಲ್ಲಿ ಜಾಗ ಮಾಡಿ. ಊರಿಂದ ತಂದ ತೆಂಗಿನ ತುರಿಯ ಪಕ್ಕದಲ್ಲಿ ಇಡುವುದಾದರೆ ಪೊಟ್ಟಣದ ಮೇಲೆ ‘ಕಸ’ ಎಂದು ಚೀಟಿ ಅಂಟಿಸಿ. ಬೆಳಗ್ಗೆ ಕೆಳಗೆ ಒಯ್ಯುವಾಗ ಚೀಟಿ ಕೀಳುವುದು ಮರೆಯಬೇಡಿ. ಅದು ಒಣ ಕಸ.