ಮೇಣದಬತ್ತಿ ಆರಿದ ಮೇಲೆ ನೀರು ಏರಿದ್ದು ಯಾಕೆ?

ತಟ್ಟೆಯಲ್ಲಿ ಸ್ವಲ್ಪ ನೀರು, ನಡುವೆ ಉರಿಯುವ ಮೇಣದಬತ್ತಿ. ಮೇಲೆ ಗಾಜಿನ ಲೋಟ ಬೋರಲು ಹಾಕಿದರೆ ಸ್ವಲ್ಪ ಹೊತ್ತಿಗೆ ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ಈ ಪ್ರಯೋಗವನ್ನು ನಿಮ್ಮಲ್ಲಿ ಬಹಳ ಜನ ನೋಡಿರುತ್ತೀರಿ. ಜೊತೆಗೆ ಕಾರಣವನ್ನೂ ಕೇಳಿರುತ್ತೀರಿ. ಗಾಳಿಯಲ್ಲಿ ಸುಮಾರು ಐದನೇ ಒಂದು ಪಾಲು ಆಮ್ಲಜನಕ, ಅದು ಉರಿದು ಮುಗಿಯಿತು, ಆ ಜಾಗಕ್ಕೆ ನೀರು ಬಂತು ಅಂತ. ನಾನೂ ಹಾಗೇ ಕಲಿತೆ. ಪಾಠ ಹೇಳಲು ಶುರು ಮಾಡಿದ ಮೇಲೆ ಎಷ್ಟೋ ವರ್ಷ ಮಕ್ಕಳಿಗೂ ಹಾಗೇ ಹೇಳಿಕೊಟ್ಟೆ.

ಒಂದು ದಿನ ಆರನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು. "ಟೀಚರ್, ಬತ್ತಿ ಉರೀತಿದ್ದಾಗ ನೀರು ಏರಲೇ ಇಲ್ಲ. ಆರಿದ ಮೇಲೆ ಒಂದೇ ಸಲ ಏರ್ತು. ಆಮ್ಲಜನಕ ಖರ್ಚಾಗೋದು ಉರಿಯೋವಾಗ ಅಲ್ವಾ?"

ನಾನು ಸುಮ್ಮನೆ ನಿಂತುಬಿಟ್ಟೆ. ಅವಳು ಹೇಳಿದ್ದು ಸರಿಯಾಗಿತ್ತು. ಅಷ್ಟು ವರ್ಷ ಆ ಪ್ರಯೋಗ ಮಾಡಿದವಳು ನಾನು, ಕಣ್ಣಿಟ್ಟು ನೋಡಿದವಳು ಅವಳು. "ನಾಳೆ ಹೇಳ್ತೀನಿ, ನನಗೂ ಗೊತ್ತಿಲ್ಲ" ಅಂದೆ.

ಮನೆಗೆ ಬಂದು ಓದಿದೆ, ಮತ್ತೆ ಮತ್ತೆ ಮಾಡಿ ನೋಡಿದೆ. ನಡೆಯುವುದು ಇಷ್ಟು. ಉರಿಯ ಶಾಖಕ್ಕೆ ಗಾಳಿ ಹಿಗ್ಗುತ್ತದೆ. ಲೋಟ ಇಡುವಾಗಲೇ ಒಳಗೆ ಬಿಸಿಗಾಳಿ ಸೇರಿರುತ್ತದೆ. ಕೆಲವು ಸಲ ಅಂಚಿನಿಂದ ಗುಳ್ಳೆಗಳು ಹೊರಬರುವುದೂ ಕಾಣುತ್ತದೆ. ಬತ್ತಿ ಆರಿದ ಕೂಡಲೇ ಒಳಗಿನ ಗಾಳಿ ತಣಿದು ಕುಗ್ಗುತ್ತದೆ, ಅದರ ಒತ್ತಡ ಇಳಿಯುತ್ತದೆ. ಆಗ ಹೊರಗಿನ ಗಾಳಿ ತಟ್ಟೆಯ ನೀರನ್ನು ಒಳಕ್ಕೆ ತಳ್ಳುತ್ತದೆ. ಆಮ್ಲಜನಕ ಮಾಯವಾಗುವುದಿಲ್ಲ. ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿಯಲ್ಲಿ ಸೇರಿಕೊಳ್ಳುತ್ತದೆ. ಆ ಆವಿ ತಣಿದು ಹನಿಯಾಗುವುದರಿಂದಲೂ ಸ್ವಲ್ಪ ಜಾಗ ಸಿಗುತ್ತದೆ. ಅಷ್ಟೇ ಅಲ್ಲ, ಲೋಟದ ಆಮ್ಲಜನಕ ಪೂರ್ತಿ ಮುಗಿಯುವ ಮೊದಲೇ ಬತ್ತಿ ಆರಿಹೋಗುತ್ತದೆ. ಮಾರನೇ ದಿನ ಅದೇ ಲೋಟದ ಕೆಳಗೆ ಒಂದರ ಬದಲು ಮೂರು ಬತ್ತಿ ಇಟ್ಟೆವು. ನೀರು ಇನ್ನೂ ಮೇಲೆ ಏರಿತು. ಲೋಟದಲ್ಲಿ ಆಮ್ಲಜನಕವೇನೂ ಜಾಸ್ತಿ ಆಗಿರಲಿಲ್ಲ. ಜಾಸ್ತಿ ಆಗಿದ್ದು ಬಿಸಿ.

ಹಳೆಯ ವಿವರಣೆ ನನಗೆ ಬೇಸರ ತರಿಸುವುದು ಅದು ತಪ್ಪು ಅನ್ನುವ ಕಾರಣಕ್ಕಷ್ಟೇ ಅಲ್ಲ. ಗಾಳಿಯಲ್ಲಿ ಆಮ್ಲಜನಕ 21% ಅನ್ನುವ ಲೆಕ್ಕಕ್ಕೆ ಅದು ಎಷ್ಟು ಚೆನ್ನಾಗಿ ಹೊಂದುತ್ತದೆ ಅಂದರೆ ಯಾರೂ ನೀರನ್ನು ನೋಡುವುದೇ ಇಲ್ಲ. ಕಣ್ಣೆದುರು ಒಂದು ನಡೆಯುತ್ತಿದ್ದರೂ ಮಗು ಇನ್ನೊಂದನ್ನು ಬರೆದು ಪೂರ್ತಿ ಅಂಕ ತೆಗೆದುಕೊಳ್ಳುತ್ತದೆ. ವಿಜ್ಞಾನದ ತರಗತಿಯಲ್ಲಿ ಇದಕ್ಕಿಂತ ದೊಡ್ಡ ನಷ್ಟ ಏನಿದೆ?

ಅನಿಲಗಳ ಪಾಠ ಕಷ್ಟ, ಒಪ್ಪುತ್ತೇನೆ. ಅನಿಲ ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಗುವುದಿಲ್ಲ. ನಮ್ಮ ಮಾತೂ ಮಕ್ಕಳನ್ನು ದಾರಿ ತಪ್ಪಿಸುತ್ತದೆ. ಎಲೆ ಅಲುಗದಿದ್ದರೆ "ಇವತ್ತು ಗಾಳಿಯೇ ಇಲ್ಲ" ಅನ್ನುತ್ತೇವೆ. ಗಾಳಿ ತುಂಬಿದ ಲೋಟಕ್ಕೆ "ಖಾಲಿ ಲೋಟ" ಅನ್ನುತ್ತೇವೆ. ಗ್ಯಾಸ್ ಅಂದರೆ ಏನು ಅಂತ ಕೇಳಿದರೆ ಮಕ್ಕಳಿಗೆ ನೆನಪಾಗುವುದು ಒಲೆ. ಇಂಥ ಮಗುವಿಗೆ ಮೊದಲ ದಿನವೇ "ಅನಿಲಕ್ಕೆ ನಿರ್ದಿಷ್ಟ ಆಕಾರವೂ ಇಲ್ಲ, ಗಾತ್ರವೂ ಇಲ್ಲ" ಅಂತ ಬರೆಸಿದರೆ ಅದಕ್ಕೆ ಏನು ತಿಳಿಯಬೇಕು? ಇಲ್ಲ, ಇಲ್ಲ ಅನ್ನುವುದೇ ಕಿವಿಗೆ ಬೀಳುತ್ತದೆ.

ಗಾಳಿ ಒಂದು ವಸ್ತು ಅನ್ನುವುದು ಮೊದಲು ಮೈಗೆ ತಿಳಿಯಬೇಕು. ಸೂಜಿ ತೆಗೆದ ಸಿರಿಂಜ್ ಒಂದೊಂದು ಕೊಡಿ ಸಾಕು. ಗಾಳಿ ಎಳೆದುಕೊಂಡು, ತುದಿಯನ್ನು ಬೆರಳಿನಿಂದ ಮುಚ್ಚಿ ಒತ್ತಲಿ. ಸ್ವಲ್ಪ ದೂರ ಒಳಗೆ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ, ಬಿಟ್ಟರೆ ವಾಪಸ್ ಚಿಮ್ಮುತ್ತದೆ. ಅದೇ ಸಿರಿಂಜಿಗೆ ನೀರು ತುಂಬಿ ಒತ್ತಲಿ. ಅಲುಗುವುದೇ ಇಲ್ಲ. ಅನಿಲಕ್ಕೂ ದ್ರವಕ್ಕೂ ಇರುವ ವ್ಯತ್ಯಾಸ ಬೆರಳಿಗೆ ಗೊತ್ತಾಗುತ್ತದೆ. ಯಾಕೆ ಹೀಗೆ ಅಂತ ಮಕ್ಕಳೇ ಕೇಳುತ್ತಾರೆ. ಅಣುಗಳ ಮಾತು ಬರಬೇಕಾದ್ದು ಆಗ. ಗಾಳಿಯ ಅಣುಗಳ ನಡುವೆ ಏನಿದೆ ಅಂತ ಒಮ್ಮೆ ಕೇಳಿ ನೋಡಿ. "ಗಾಳಿ" ಅನ್ನುವವರೇ ಜಾಸ್ತಿ. ಅಲ್ಲಿ ಏನೂ ಇಲ್ಲ, ಬರೀ ಜಾಗ ಅನ್ನುವುದನ್ನು ನಂಬಲು ಮಕ್ಕಳಿಗೆ ಸಮಯ ಬೇಕು. ಆ ಸಮಯ ಕೊಡಬೇಕು.

ತೂಕದ ವಿಷಯವೂ ಹಾಗೇ. ಎರಡು ಬಲೂನನ್ನು ಕೋಲಿಗೆ ಕಟ್ಟಿ ತೂಗುವ ಪ್ರಯೋಗ ನನಗೆ ಇಷ್ಟವಿಲ್ಲ. ಸುತ್ತಲಿನ ಗಾಳಿ ಬಲೂನನ್ನು ಮೇಲಕ್ಕೆ ಎತ್ತುತ್ತಿರುತ್ತದೆ, ಹಾಗಾಗಿ ಒಳಗಿನ ಗಾಳಿಯ ತೂಕದಲ್ಲಿ ಹೆಚ್ಚಿನ ಪಾಲು ಲೆಕ್ಕಕ್ಕೇ ಸಿಗುವುದಿಲ್ಲ. ಅದರ ಬದಲು ಒಂದು ಫುಟ್‌ಬಾಲನ್ನು ಮೆತ್ತಗಿದ್ದಾಗ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ನಂತರ ಗಟ್ಟಿಯಾಗುವಷ್ಟು ಪಂಪ್ ಹೊಡೆದು ತೂಗಿ. ಕೆಲವು ಗ್ರಾಂ ಏರಿರುತ್ತದೆ. ಆಮೇಲೆ ಕೋಣೆ ಅಳೆಯಲು ಹೇಳಿ. ಸಮುದ್ರ ಮಟ್ಟದಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.2 ಕಿಲೋ ತೂಗುತ್ತದೆ. 4 ಮೀಟರ್ ಉದ್ದ, 3 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಯಾದರೆ 43 ಕಿಲೋ! "ಈ ಗಾಳಿ ನನಗಿಂತ ಭಾರ" ಅಂತ ಒಬ್ಬ ಹುಡುಗ ಕೂಗಿದ್ದು ಇನ್ನೂ ಕಿವಿಯಲ್ಲಿದೆ.

ಉಸಿರಾಟದ ಪಾಠದಲ್ಲೂ ಇಂಥದ್ದೊಂದು ಅರ್ಧ ಸತ್ಯ ಇದೆ. ಆಮ್ಲಜನಕ ಒಳಗೆ, ಇಂಗಾಲದ ಡೈಆಕ್ಸೈಡ್ ಹೊರಗೆ ಅನ್ನುತ್ತೇವೆ. ನಾವು ಹೊರಬಿಡುವ ಉಸಿರಿನಲ್ಲೂ ಸುಮಾರು 16% ಆಮ್ಲಜನಕವೇ ಇರುತ್ತದೆ, ಇಂಗಾಲದ ಡೈಆಕ್ಸೈಡ್ ಸುಮಾರು 4% ಮಾತ್ರ. ಉಸಿರು ನಿಂತವರಿಗೆ ಬಾಯಿಂದ ಬಾಯಿಗೆ ಗಾಳಿ ಊದಿದರೆ ಉಪಯೋಗವಾಗುವುದು ಅದಕ್ಕೇ. ಇಷ್ಟು ಹೇಳಲು ಒಂದು ನಿಮಿಷ ಸಾಕಲ್ವಾ?

ಗಾಳಿಯ ಒತ್ತಡದ ಬಗ್ಗೆ ಹೇಳುವಾಗ ನಾನು ಒಟ್ಟೋ ಫಾನ್ ಗೆರಿಕೆಯ ಕಥೆ ಬಿಡುವುದಿಲ್ಲ. 1650ರ ದಶಕದಲ್ಲಿ ಜರ್ಮನಿಯಲ್ಲಿ ಅವನು ತಾಮ್ರದ ಎರಡು ಅರ್ಧಗೋಳಗಳನ್ನು ಜೋಡಿಸಿ, ಒಳಗಿನ ಗಾಳಿ ತೆಗೆದ. ಎರಡೂ ಕಡೆ ಕುದುರೆಗಳನ್ನು ಕಟ್ಟಿ ಎಳೆಸಿದರೂ ಬಿಡಿಸುವುದು ದೊಡ್ಡ ಸಾಹಸವಾಯಿತು. ಒಳಗೆ ಯಾವ ಅಂಟೂ ಇರಲಿಲ್ಲ. ಹೊರಗಿನ ಗಾಳಿ ಒತ್ತಿ ಹಿಡಿದಿತ್ತು, ಒಂದೊಂದು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋದಷ್ಟು ಬಲದಿಂದ. ಇದನ್ನು ಕೇಳಿದ ಮಕ್ಕಳು ಲೋಟ ನೀರನ್ನು "ಎಳೆದುಕೊಂಡಿತು" ಅನ್ನುವುದನ್ನು ತಾವಾಗಿಯೇ ಬಿಡುತ್ತಾರೆ.

ಆ ಹುಡುಗಿ ಅಲ್ಲಿಗೇ ನಿಲ್ಲಲಿಲ್ಲ. ಮುಂದಿನ ವಾರ ಬಂದು, "ಬಿಸಿ ಗಾಳಿ ತಣ್ಣಗಾಗೋದೇ ಕಾರಣ ಆದ್ರೆ ಬತ್ತಿನೇ ಬೇಡ ಅಲ್ವಾ ಟೀಚರ್?" ಅಂದಳು. ಬಿಸಿನೀರಿನಲ್ಲಿ ಅದ್ದಿಟ್ಟಿದ್ದ ಲೋಟವನ್ನು ಬಟ್ಟೆಯಲ್ಲಿ ಹಿಡಿದು ತೆಗೆದೆ. ನೀರು ಬಸಿದು ತಟ್ಟೆಯ ತಣ್ಣೀರಿನ ಮೇಲೆ ಬೋರಲು ಹಾಕಿದೆವು. ಎಲ್ಲರೂ ಮೇಜಿನ ಸುತ್ತ ಬಗ್ಗಿ ನಿಂತರು. ಬೆಂಕಿ ಇಲ್ಲ, ಏನೂ ಉರಿದಿಲ್ಲ, ಆಮ್ಲಜನಕ ಇದ್ದಷ್ಟೇ ಇದೆ. ನೀರು ನಿಧಾನವಾಗಿ ಲೋಟದೊಳಗೆ ಏರತೊಡಗಿತು.