ಬಾಲವಿಲ್ಲದ ಸಿ

ಮೊನ್ನೆ ನಾಲ್ಕು ಜನ ಕೂತಿದ್ದೆವು. ಅಲ್ಲಿಲ್ಲದ ಐದನೆಯವರ ಬಗ್ಗೆ ಮಾತು ಬಂತು. 'ಆ ನಗು ಇದೆಯಲ್ಲ, ಅದೆಲ್ಲ ಬರೀ ಫಕೇಡ್' ಅಂದುಬಿಟ್ಟೆ, facade ಅನ್ನುವ ಇಂಗ್ಲಿಷ್ ಪದವನ್ನು ಬರೆದಂತೆಯೇ ಓದಿ. ಒಬ್ಬರು ಬಹಳ ಮೃದುವಾಗಿ, 'ಅದು ಫಸಾಡ್' ಎಂದರು. ಮಾತು ಅಲ್ಲಿಗೇ ನಿಂತಿತು. ನಾನು ಹೇಳಿದ್ದು ನಿಜವೋ ಸುಳ್ಳೋ ಅಂತ ಯಾರೂ ಕೇಳಲೇ ಇಲ್ಲ. ಒಳ್ಳೆಯ ಚಾಡಿಯೊಂದು ಉಚ್ಚಾರಣೆಯ ಕಾಲಡಿ ಸಿಕ್ಕಿ ಸತ್ತಿತು.

'ಸೋಗು' ಅಂದಿದ್ದರೆ ಸಾಕಿತ್ತು. ಎರಡೇ ಅಕ್ಷರ. ಆದರೆ ಕನ್ನಡದಲ್ಲಿ ಅಂದರೆ ಅದು ಬೈಗುಳ, ಇಂಗ್ಲಿಷಿನಲ್ಲಿ ಅಂದರೆ ವಿಮರ್ಶೆ. ಆಸೆಪಟ್ಟೆ.

ಮನೆಗೆ ಬಂದು ನಿಘಂಟು ತೆಗೆದೆ. 17ನೇ ಶತಮಾನದಲ್ಲಿ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ ಪದವಂತೆ. ಬೇರು ಹುಡುಕಿದರೆ ಸಿಗುವುದು 'ಮುಖ', ಅಷ್ಟೆ. ಮೊದಲಿಗೆ ಕಟ್ಟಡದ ಮುಂಭಾಗಕ್ಕೆ ಮಾತ್ರ ಹೇಳುತ್ತಿದ್ದರು. ವಂಚನೆಯ ಅರ್ಥ ಅಂಟಿಕೊಂಡಿದ್ದು ಆಮೇಲೆ. ಪಾಪ, ಗೋಡೆಯ ತಪ್ಪೇನು?

ನನ್ನ ಸಿಟ್ಟು ಆ ಸಿ ಅಕ್ಷರದ ಮೇಲೆ. ಫ್ರೆಂಚಿನವರು ಅದರ ಕೆಳಗೆ ಒಂದು ಪುಟ್ಟ ಬಾಲ ಬರೆಯುತ್ತಾರೆ. 'ಇಲ್ಲಿ ಕ ಅಲ್ಲ, ಸ' ಅನ್ನುವ ಸೂಚನೆ ಅದು. ಹೆಸರು ಸೆಡಿಲ. ಸ್ಪ್ಯಾನಿಷ್‌ನಲ್ಲಿ 'ಮರಿ ಜೆಡ್' ಅಂತ ಅರ್ಥ. ಹೆಸರಿಟ್ಟ ಸ್ಪ್ಯಾನಿಷರೇ 18ನೇ ಶತಮಾನದಲ್ಲಿ ಅದನ್ನು ಕೈಬಿಟ್ಟರು, ಫ್ರೆಂಚರೂ ಪೋರ್ಚುಗೀಸರೂ ಉಳಿಸಿಕೊಂಡರು. ಇಂಗ್ಲಿಷಿನವರದು ಮೂರನೇ ದಾರಿ. ನಿಘಂಟಿನಲ್ಲಿ ಬಾಲ ಇದ್ದದ್ದೂ ಸರಿ, ಇಲ್ಲದ್ದೂ ಸರಿ. ಅಚ್ಚಿನಲ್ಲಿ ಜಾಸ್ತಿ ಸಿಗುವುದು ಬಾಲವಿಲ್ಲದ್ದೇ. ಓದುವವನು ಮಾತ್ರ ಅದು ಇದೆ ಅಂತಲೇ ತಿಳಿದು 'ಸ' ಅನ್ನಬೇಕು! ಇದು ಯಾವ ನ್ಯಾಯ?

ಅಕ್ಷರದ ಕೆಳಗೆ ನೇತಾಡುವುದರ ಬೆಲೆ ನಮಗೆ ಗೊತ್ತಿಲ್ವಾ? ಒತ್ತಕ್ಷರ ಬರೆದೇ ಬೆಳೆದವರು. 'ಕತ್ತೆ'ಯ ಒತ್ತು ಬಿಟ್ಟರೆ 'ಕತೆ' ಆಗುತ್ತದೆ. ಹಾಗೆ ಒತ್ತು ನುಂಗಿ ಬರೆದು, 'ಕತೆ' ಅಂತ ಓದಿದವನನ್ನು 'ಅದು ಕತ್ತೆ, ಅಷ್ಟೂ ಗೊತ್ತಿಲ್ವಾ' ಅಂತ ನಾವು ಯಾವತ್ತಾದರೂ ತಿದ್ದಿದ್ದೇವೆಯೇ? ಬರೆದವನ ಕಿವಿ ಹಿಂಡುತ್ತೇವೆ.

ಇದನ್ನೆಲ್ಲ ಆವತ್ತೇ ಹೇಳಬೇಕಿತ್ತು. ಹೊಳೆಯಲಿಲ್ಲ. ತಿದ್ದಿದವರಿಗೆ ನಗುನಗುತ್ತಾ ಥ್ಯಾಂಕ್ಸ್ ಹೇಳಿದೆ. ಆ ನಗುವಿಗೆ ಏನಂತಾರೆ ಅನ್ನುವುದು ಅವರಿಗೆ ಗೊತ್ತೇ ಇದೆ, ಉಚ್ಚಾರಣೆ ಸಮೇತ.